ಮೂರು ಹೇಂಟೆಗಳ ನೋಂದಣಿ

ಇಂಗ್ಲೆಂಡಿನಲ್ಲಿ ಈಗ ಹಿತ್ತಲಿನ ಒಂಟಿ ಕೋಳಿಗೂ ಸರ್ಕಾರದ ದಾಖಲೆಯಲ್ಲಿ ಜಾಗವಿರಬೇಕು. ಮೊದಲು ಐವತ್ತು ಅಥವಾ ಅದಕ್ಕಿಂತ ಹೆಚ್ಚು ಹಕ್ಕಿಗಳಿದ್ದವರಿಗೆ ಮಾತ್ರ ಕಡ್ಡಾಯವಾಗಿದ್ದ ನೋಂದಣಿ, 2024ರ ಅಕ್ಟೋಬರ್ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಎಲ್ಲ ಕೋಳಿ ಸಾಕುವವರಿಗೂ ಅನ್ವಯಿಸಿತು. ನಮ್ಮ ಮೂರು ಹೇಂಟೆಗಳೂ ಹೀಗೆ ಲೆಕ್ಕಕ್ಕೆ ಬಂದವು. ಊರಿನಲ್ಲಿ ಕೋಳಿಯ ಲೆಕ್ಕ ಇಡುತ್ತಿದ್ದುದು ಅಜ್ಜಿ ಮಾತ್ರ, ಅದೂ ಸಂಜೆ ಬುಟ್ಟಿ ಕವುಚುವಾಗ.

ಇದನ್ನು ಅಧಿಕಾರಶಾಹಿಯ ಅತಿರೇಕವೆಂದು ನಗುವವರೊಡನೆ ನಾನು ನಗಲಾರೆ. ಹಕ್ಕಿಜ್ವರ ಹಬ್ಬಿದಾಗ ಯಾರ ಹಿತ್ತಲಿನಲ್ಲಿ ಕೋಳಿಯಿದೆ ಎಂಬುದು ತಿಳಿಯದಿದ್ದರೆ ಎಚ್ಚರಿಕೆ ತಲುಪುವುದಾದರೂ ಹೇಗೆ? 2022ರ ನವೆಂಬರ್ 7ರಿಂದ ಮರುವರ್ಷದ ಏಪ್ರಿಲ್ 18ರವರೆಗೆ ಇಡೀ ಇಂಗ್ಲೆಂಡಿನ ಸಾಕುಕೋಳಿಗಳು ಸೂರಿನಡಿಯಲ್ಲೇ ಇರಬೇಕಾಯಿತು. ಕಾಡುಹಕ್ಕಿಯ ಹಿಕ್ಕೆ ಬೀಳದಂತೆ ಮಾಡು ಹೊದಿಸಿ, ಬಲೆ ಬಿಗಿದು, ಒಳಹೋಗುವ ಮುನ್ನ ಬೂಟನ್ನು ಸೋಂಕುನಾಶಕದಲ್ಲಿ ಅದ್ದಬೇಕಿತ್ತು. ಸೋಂಕು ದೃಢಪಟ್ಟ ಜಾಗದಲ್ಲಿ ಉಳಿದ ಹಕ್ಕಿಗಳನ್ನೂ ಕೊಲ್ಲುತ್ತಾರೆ. ಮಕ್ಕಳು ಹೆಸರಿಟ್ಟು ಕರೆಯುವ ಕೋಳಿಗೂ ಅದರಲ್ಲಿ ವಿನಾಯಿತಿಯಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಮತ್ತೊಂದು ನಿಯಮ. ಅಡುಗೆಮನೆಯಲ್ಲಿ ಉಳಿದುದನ್ನು ಕೋಳಿಗೆ ಹಾಕುವುದು ಇಲ್ಲಿ ಅಪರಾಧ. ಬೇಸಿಗೆಯಲ್ಲಿ ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮನಿಗೆ ಇದನ್ನು ನಂಬಿಸುವುದೇ ಕಷ್ಟವಾಯಿತು. ರಾತ್ರಿಯ ಅನ್ನ ಹಿಡಿದು ಹಿತ್ತಲಿಗೆ ಹೊರಟವರನ್ನು ಬಾಗಿಲಲ್ಲೇ ತಡೆದೆ.

"ಒಂದು ಹಿಡಿ ಅನ್ನಕ್ಕೂ ರಾಜರ ಅಪ್ಪಣೆ ಬೇಕೇನೋ? ನಮ್ಮನೇಲಿ ಮಾಂಸ ಬೇಯಿಸೋದೇ ಇಲ್ಲವಲ್ಲ!"

ಅಮ್ಮನ ವಾದದಲ್ಲಿ ತಿರುಳಿತ್ತು. ಆದರೆ ಕಾನೂನಿನ ವಿನಾಯಿತಿ ಇರುವುದು ಸಸ್ಯಾಹಾರಿಗಳಿಗಲ್ಲ, ಹಾಲು, ಮೊಸರು, ತುಪ್ಪ ಯಾವುದೂ ಹೊಸಿಲು ದಾಟದ ವೀಗನ್ ಮನೆಗಳಿಗೆ. ಮಜ್ಜಿಗೆಹುಳಿ ಕುದಿಯುವ ನಮ್ಮ ಮನೆ ಆ ಲೆಕ್ಕಕ್ಕೆ ಸೇರದು. ಮಡಿಯಿಂದ ಸೀದಾ ಕಿತ್ತ ಸೊಪ್ಪನ್ನು ಕೋಳಿಗೆ ಕೊಡಬಹುದು. ಅದೇ ಸೊಪ್ಪು ಒಮ್ಮೆ ಅಡುಗೆಮನೆ ಹೊಕ್ಕರೆ ಕೊಡುವಂತಿಲ್ಲ. ಮಡಿ-ಮೈಲಿಗೆಯನ್ನು ಕಂಡು ಬೆಳೆದ ಅಮ್ಮನಿಗೆ ಈ ಭಾಗ ಮಾತ್ರ ತಕ್ಷಣ ಅರ್ಥವಾಯಿತು.

ಈ ಬಿಗಿಯ ಹಿಂದೆ 2001ರ ಕಾಲುಬಾಯಿ ರೋಗವಿದೆ. ನಾರ್ಥಂಬರ್ಲೆಂಡಿನ ಹಂದಿ ಸಾಕಣೆಯೊಂದರಲ್ಲಿ ಸರಿಯಾಗಿ ಕುದಿಸದ ಮುಸುರೆಯಿಂದ ಅದು ಹಬ್ಬಿತೆಂದು ತನಿಖೆ ಹೇಳಿತು. ಅರವತ್ತು ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಲ್ಲಲಾಯಿತು. ಸಾಕಣೆ ಕೇಂದ್ರಗಳಿಗೆ ಈ ನಿಯಮ ನ್ಯಾಯವೇ. ಮೂರು ಹೇಂಟೆಗಳ ಮನೆಗೆ ಮಾತ್ರ ಭಾರವೆನಿಸುತ್ತದೆ.

ನೋಂದಣಿಯಾದ ಮಾತ್ರಕ್ಕೆ ಎಲ್ಲವೂ ಮುಗಿಯದು. ಬಾಡಿಗೆ ಕರಾರಿನಲ್ಲೋ ಮನೆಪತ್ರದ ಮೂಲೆಯಲ್ಲೋ ಕೋಳಿ ಸಾಕಬಾರದೆಂಬ ಷರತ್ತು ಇದ್ದೀತು; ಗೂಡು ಕೊಳ್ಳುವ ಮೊದಲೇ ಅದನ್ನು ಓದಿಕೊಳ್ಳಬೇಕು. ಸೋಜಿಗವೆಂದರೆ, ತರಕಾರಿ ಬೆಳೆಯಲು ಬಾಡಿಗೆಗೆ ಪಡೆಯುವ ಅಲಾಟ್‌ಮೆಂಟ್ ತುಂಡುಗಳಲ್ಲಿ, ಕರಾರು ಏನೇ ಹೇಳಿದರೂ ಹೇಂಟೆ ಮತ್ತು ಮೊಲ ಸಾಕಬಹುದೆಂದು 1950ರ ಕಾಯ್ದೆ ಹೇಳುತ್ತದೆ, ವ್ಯಾಪಾರಕ್ಕಲ್ಲದಿದ್ದರೆ. ಮೊಟ್ಟೆಗೂ ಪಡಿತರವಿದ್ದ ಕಾಲದ ಔದಾರ್ಯವದು.

ಹುಂಜಕ್ಕೆ ಆ ಔದಾರ್ಯವಿಲ್ಲ. ಮನೆಯಲ್ಲಿ ಹುಂಜ ಸಾಕಬಾರದೆಂಬ ಸಾರ್ವತ್ರಿಕ ನಿಷೇಧವೇನೂ ಇಲ್ಲ. ಆದರೆ ನೆರೆಯವರು ದೂರಿತ್ತರೆ, ಸದ್ದು ಉಪದ್ರವವೆಂದು ಮನಗಂಡ ಸ್ಥಳೀಯ ಆಡಳಿತವು 1990ರ ಪರಿಸರ ಕಾಯ್ದೆಯಡಿ ನೋಟಿಸು ಕೊಡುತ್ತದೆ. ತನ್ನ ಕೋಳಿ ಕೂಗದೆ ಬೆಳಗಾಗದೆಂದ ಅಜ್ಜಿಗೂ ಇಲ್ಲಿ ಅಂಥ ಪತ್ರ ಬರುತ್ತಿತ್ತೇನೋ. ಅಮ್ಮ ಊರಿಗೆ ಮರಳಿದ ಮೇಲೆ ಫೋನಿನಲ್ಲಿ ಮೊದಲು ವಿಚಾರಿಸುವುದು ಕೋಳಿಗಳನ್ನೇ: "ಅವಕ್ಕೆ ಇವತ್ತಾದರೂ ಅನ್ನ ಹಾಕಿದೆಯೇನೋ?"