ಪಲ್ಟಿ ಪಾರಿವಾಳ: ಆಟ ಆಕಾಶದಲ್ಲಿ, ನಿರ್ಧಾರ ಗೂಡಿನಲ್ಲಿ

ಕಲಬುರಗಿ: ಬೆಳಗಿನ ಹೊತ್ತು ಮಾಳಿಗೆಯ ಮೇಲಿಂದ ಇಪ್ಪತ್ತು ಪಾರಿವಾಳಗಳ ಹಿಂಡು ಮೇಲೇರುತ್ತದೆ. ಇದ್ದಕ್ಕಿದ್ದಂತೆ ಐದಾರು ಹಕ್ಕಿಗಳು ಒಟ್ಟಿಗೇ ಹಿಮ್ಮುಖವಾಗಿ ಲಾಗ ಹಾಕುತ್ತ ಕೆಳಗಿಳಿದು, ಮತ್ತೆ ರೆಕ್ಕೆ ಬಿಚ್ಚಿ ಹಿಂಡನ್ನು ಸೇರುತ್ತವೆ. ಆದರೆ ಅವುಗಳಲ್ಲಿ ಒಂದು ಉರುಳುವುದನ್ನು ನಿಲ್ಲಿಸಲಾರದೆ ನೇರವಾಗಿ ಮಾಳಿಗೆಗೆ ಬಡಿಯುತ್ತದೆ. ಹಿಂಡಿನಲ್ಲೇ ಅತಿ ಉದ್ದನೆಯ ಪಲ್ಟಿ ಹೊಡೆಯುತ್ತಿದ್ದುದು ಅದೇ. ಅದರ ಒಡೆಯ ಮುಂದಿನ ಸಂತತಿಗೆಂದು ಮೀಸಲಿಟ್ಟಿದ್ದುದೂ ಬಹುಶಃ ಅದನ್ನೇ. ಪಲ್ಟಿ ಪಾರಿವಾಳ ಸಾಕುವವರ ಮುಖ್ಯ ಸಮಸ್ಯೆ ಇಲ್ಲಿಯೇ ಅಡಗಿದೆ.

ಹಳೆಯ ಹವ್ಯಾಸ

ದಖ್ಖನಿನ ಹಳೆಯ ನಗರಗಳಿಗೆ ಕಬೂತರ್‌ಬಾಜಿ ಹೊಸದಲ್ಲ. ಅಕ್ಬರನ ಆಸ್ಥಾನದ ವಿವರಗಳಿರುವ ಅಬುಲ್ ಫಜಲ್‌ನ ‘ಐನ್-ಇ-ಅಕ್ಬರಿ’ ಗ್ರಂಥದಲ್ಲಿ ಪಾರಿವಾಳಗಳ ‘ಚರ್ಖ್’ ಮತ್ತು ‘ಬಾಜಿ’ ಎಂಬ ಆಟಗಳ ವರ್ಣನೆಯಿದೆ. ತಳಿಗಳನ್ನು ಪರಸ್ಪರ ಕೂಡಿಸಿ ಅಕ್ಬರನು ಅವುಗಳನ್ನು ಸುಧಾರಿಸಿದನೆಂಬ ಆ ಕಾಲದ ಮಾತನ್ನು ಚಾರ್ಲ್ಸ್ ಡಾರ್ವಿನ್ 1859ರ ತನ್ನ ‘ಜೀವಿಜಾತಿಗಳ ಉಗಮ’ ಗ್ರಂಥದಲ್ಲಿ ಉಲ್ಲೇಖಿಸಿದ್ದಾನೆ. ಡಾರ್ವಿನ್‌ನಿಗೆ ಭಾರತದ ಪಾರಿವಾಳಗಳ ಚರ್ಮಗಳನ್ನು ಕಳುಹಿಸಿದವನು ವಾಲ್ಟರ್ ಎಲಿಯಟ್. 1824ರಲ್ಲಿ ಕಿತ್ತೂರಿನಲ್ಲಿ ಸೆರೆಯಾಗಿದ್ದ, ಧಾರವಾಡದಲ್ಲಿ ಸೇವೆ ಸಲ್ಲಿಸುತ್ತ ಶಾಸನಗಳನ್ನು ಸಂಗ್ರಹಿಸಿದ ಅಧಿಕಾರಿಯೂ ಈತನೇ.

ಆಳವೊಂದೇ ಅಳತೆಯಲ್ಲ

ಪಲ್ಟಿ ಹೊಡೆಯುವ ಗುಣ ಕಲಿಸಿ ಬರುವಂಥದಲ್ಲ, ಅದು ರಕ್ತಗತ. ಪಲ್ಟಿ ಹಕ್ಕಿಯನ್ನು ಸಾಮಾನ್ಯ ಪಾರಿವಾಳದೊಂದಿಗೆ ಕೂಡಿಸಿದರೆ ಮೊದಲ ತಲೆಮಾರಿನ ಮರಿಗಳಲ್ಲಿ ಈ ಗುಣ ಬಹುಮಟ್ಟಿಗೆ ಮರೆಯಾಗುತ್ತದೆ. ಆಟ ಎಷ್ಟು ಆಳ, ಎಷ್ಟು ಸಲ, ಎಷ್ಟು ವೇಗ ಎಂಬುದು ಒಂದೇ ವಂಶವಾಹಿಯಿಂದ ತೀರ್ಮಾನವಾಗುವುದಿಲ್ಲ. ಆದ್ದರಿಂದ ಅತಿ ಆಳದ ಗಂಡನ್ನು ಅತಿ ಆಳದ ಹೆಣ್ಣಿಗೆ ಸತತವಾಗಿ ಕೂಡಿಸುತ್ತ ಹೋದರೆ ನಿಯಂತ್ರಣ ತಪ್ಪಿ ನೆಲಕ್ಕೆ ಬೀಳುವ ಮರಿಗಳು ಹೆಚ್ಚುತ್ತವೆ.

ಉತ್ತಮ ಹಕ್ಕಿಯ ಲಕ್ಷಣಗಳು ನಾಲ್ಕು: ಉರುಳುವಾಗ ಅಕ್ಕಪಕ್ಕ ವಾಲದೆ ನೇರವಾಗಿ ಇಳಿಯಬೇಕು, ಸುತ್ತುಗಳು ಬಿಡಿಬಿಡಿಯಾಗಿ ಕಾಣದಷ್ಟು ವೇಗವಾಗಿರಬೇಕು, ತಾನಾಗಿಯೇ ಸ್ಪಷ್ಟವಾಗಿ ನಿಲ್ಲಬೇಕು, ತಡಮಾಡದೆ ಹಿಂಡಿಗೆ ಮರಳಬೇಕು. ಬರ್ಮಿಂಗ್‌ಹ್ಯಾಮ್ ರೋಲರ್ ತಳಿಯ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿಯೂ ತಂಡವನ್ನು 20 ನಿಮಿಷ ಗಮನಿಸಿ, ಕನಿಷ್ಠ 5 ಹಕ್ಕಿಗಳು ಒಟ್ಟಿಗೆ ಉರುಳಿದಾಗ ಮಾತ್ರ ಅಂಕ ನೀಡಲಾಗುತ್ತದೆ. ಒಂಟಿ ಸಾಹಸಕ್ಕೆ ಅಲ್ಲಿ ಬೆಲೆಯಿಲ್ಲ.

ಪಾರಿವಾಳ ಆರು ತಿಂಗಳ ಹೊತ್ತಿಗೆ ಸಂತಾನಕ್ಕೆ ಸಿದ್ಧವಾಗುತ್ತದೆ. ಆದರೆ ಕನಿಷ್ಠ ಒಂದು ವರ್ಷ ಹಾರಿಸಿ ನೋಡದೆ ಜೋಡಿ ಕಟ್ಟುವುದು ಸರಿಯಲ್ಲ. ಮೊದಲ ತಿಂಗಳುಗಳಲ್ಲಿ ಚೆನ್ನಾಗಿ ಆಡಿದ ಹಕ್ಕಿ ಮುಂದೆ ಹತೋಟಿ ಕಳೆದುಕೊಳ್ಳಬಹುದು. ನಿಧಾನವಾಗಿ ಆಟಕ್ಕೆ ಬಂದ ಹಕ್ಕಿ ವರ್ಷಗಟ್ಟಲೆ ಸ್ಥಿರವಾಗಿ ಉಳಿಯಬಹುದು.

ಜೋಡಿ ಕಟ್ಟುವ ಕ್ರಮ

ಗಂಡು ಹೆಣ್ಣುಗಳೆರಡರಲ್ಲೂ ಒಂದೇ ದೋಷವಿದ್ದರೆ ಜೋಡಿ ಕಟ್ಟಬಾರದೆಂಬುದು ಮೊದಲ ನಿಯಮ. ಗಂಡು ತುಸು ಹೆಚ್ಚು ಆಳಕ್ಕೆ ಹೋಗುವಂಥದಾದರೆ ಮಿತವಾದ ಆಳದ, ಆದರೆ ಖಚಿತವಾಗಿ ನಿಲ್ಲುವ ಹೆಣ್ಣನ್ನು ಆರಿಸಬೇಕು. ನೆಲಕ್ಕೆ ಬೀಳುವ ಹಕ್ಕಿಯನ್ನು ಎಷ್ಟೇ ಅಂದವಾಗಿದ್ದರೂ ಸಂತಾನಕ್ಕೆ ಬಳಸಬಾರದು.

ಬಣ್ಣಕ್ಕೆ ಮರುಳಾಗಿ ಜೋಡಿ ಕಟ್ಟುವುದು ಎರಡನೆಯ ತಪ್ಪು. ಬಣ್ಣದ ಉಪಯೋಗ ಬೇರೆಡೆಯಿದೆ. ಶುದ್ಧ ನೀಲಿ ಗಂಡಿಗೆ ಬೂದಿಗೆಂಪು ಹೆಣ್ಣನ್ನು ಕೂಡಿಸಿದರೆ ಗಂಡು ಮರಿಗಳು ಕೆಂಪಾಗಿಯೂ ಹೆಣ್ಣು ಮರಿಗಳು ನೀಲಿಯಾಗಿಯೂ ಬರುತ್ತವೆ. ಅಂಥ ಜೋಡಿಯ ಗೂಡಿನಲ್ಲಿ ಕೆಂಪು ಹೆಣ್ಣು ಕಂಡುಬಂದರೆ ಅದರ ತಂದೆ ಬೇರೆಯೆಂದೇ ಅರ್ಥ, ದಾಖಲೆಯನ್ನು ತಿದ್ದಬೇಕು.

ಮೂರನೆಯದು ರಕ್ತಸಂಬಂಧದ ಲೆಕ್ಕ. ಒಳ್ಳೆಯ ಗುಣ ನೆಲೆ ನಿಲ್ಲಲು ಸಂಬಂಧದೊಳಗೇ ಕೂಡಿಸುವುದುಂಟು. ಆದರೆ ಅಣ್ಣ-ತಂಗಿ ಅಥವಾ ತಂದೆ-ಮಗಳ ಜೋಡಿಯ ಮರಿಗಳಲ್ಲಿ ಒಳಸಂಬಂಧದ ಪ್ರಮಾಣ ಶೇ 25 ಇರುತ್ತದೆ. ಮಲಸಹೋದರರಲ್ಲಿ ಅಥವಾ ಅಜ್ಜ-ಮೊಮ್ಮಗಳ ಜೋಡಿಯಲ್ಲಿ ಶೇ 12.5, ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳ ಜೋಡಿಯಲ್ಲಿ ಶೇ 6.25. ಪ್ರಮಾಣ ಏರಿದಂತೆ ಬರಡು ಮೊಟ್ಟೆ, ಬಡಕಲು ಮರಿ, ರೋಗಕ್ಕೆ ಬೇಗ ತುತ್ತಾಗುವಿಕೆ ಹೆಚ್ಚುತ್ತವೆ. ಒಂದೇ ಗೂಡಿನ ಮಕ್ಕಳನ್ನು ಕೂಡಿಸುವುದಕ್ಕಿಂತ ಉತ್ತಮ ಅಜ್ಜನಿಗೆ ಮೊಮ್ಮಗಳನ್ನು ಕೊಡುವುದು ಲೇಸು.

ಮರಿಗಳೇ ಸಾಕ್ಷಿ

ಜೋಡಿಯ ಯೋಗ್ಯತೆಯನ್ನು ಹೇಳುವುದು ಅದರ ಆಟವಲ್ಲ, ಅದರ ಮರಿಗಳ ಆಟ. ಒಂದು ಸರದಿಗೆ ಎರಡು ಮೊಟ್ಟೆ, ಸುಮಾರು 18 ದಿನ ಕಾವು. ಮೂರು ಸರದಿಗೆ ಆರು ಮರಿಗಳು. ಹೆಸರುವಾಸಿ ಜೋಡಿಯ ಆರರಲ್ಲಿ ಒಂದು ಮಾತ್ರ ಚೆನ್ನಾಗಿ ಆಡಿ, ಸಾಧಾರಣ ಜೋಡಿಯ ಆರರಲ್ಲಿ ನಾಲ್ಕು ಚೆನ್ನಾಗಿ ಆಡಿದರೆ, ವಂಶಕ್ಕೆ ಬೇಕಾದುದು ಎರಡನೆಯ ಜೋಡಿ. ಆರೇ ಮರಿಗಳ ತೀರ್ಪು ಕೊನೆಯದಲ್ಲವಾದ್ದರಿಂದ ಮರುವರ್ಷವೂ ನೋಡಬೇಕು. ಮರಿ ಒಂದು ವಾರದ್ದಿರುವಾಗಲೇ ಕಾಲಿಗೆ ಸಂಖ್ಯೆಯ ಉಂಗುರ ತೊಡಿಸಿ, ತಂದೆ-ತಾಯಿ, ಹುಟ್ಟಿದ ದಿನ, ಮೊದಲ ಪಲ್ಟಿ, ನೆಲಕ್ಕೆ ಬಡಿದದ್ದು ಎಲ್ಲವನ್ನೂ ಬರೆದಿಡಬೇಕು. ಮುಚ್ಚಿಟ್ಟ ದೋಷ ಮೊಮ್ಮಕ್ಕಳಲ್ಲಿ ಹೊರಬೀಳುತ್ತದೆ.

ಎರಡು ಊರು, ಒಂದು ವಂಶ

ಚಿಕ್ಕ ಗೂಡಿನಲ್ಲಿ ರಕ್ತಸಂಬಂಧ ಬೇಗ ಗಟ್ಟಿಯಾಗುತ್ತದೆ. ಇದಕ್ಕೆ ಸುಲಭ ಪರಿಹಾರವೆಂದರೆ ಒಂದೇ ವಂಶವನ್ನು ಎರಡು ಕವಲುಗಳಾಗಿ ಬೆಳೆಸುವುದು. ಒಂದು ಕವಲು ಕಲಬುರಗಿ ನಗರದ ಮಾಳಿಗೆಯಲ್ಲಿ, ಇನ್ನೊಂದು ಹುಮನಾಬಾದ್ ರಸ್ತೆಯಲ್ಲಿರುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಸ್ನೇಹಿತನ ಗೂಡಿನಲ್ಲಿ ಇದ್ದರೆ, ಕೆಲವು ವರ್ಷಗಳಿಗೊಮ್ಮೆ ಒಂದು ಗಂಡನ್ನು ಅದಲುಬದಲು ಮಾಡಿಕೊಂಡು ಹೊರಗಿನ ಅಪರಿಚಿತ ತಳಿಯನ್ನು ತರದೆಯೇ ಹೊಸ ರಕ್ತ ಪಡೆಯಬಹುದು. ಒಂದು ಗೂಡಿಗೆ ಕೊಕ್ಕರೆ ರೋಗ ಬಿದ್ದರೂ ವಂಶ ಪೂರ್ತಿ ಅಳಿಯುವುದಿಲ್ಲ. ಆದರೆ ಬದಲಾಗಿ ಬಂದ ಹಕ್ಕಿಯನ್ನು 30 ದಿನ ಪ್ರತ್ಯೇಕವಾಗಿಡುವುದು ಕಡ್ಡಾಯ.

ಜಿಲ್ಲೆಯ ಬಿಸಿಲನ್ನೂ ಗಮನಿಸಬೇಕು. ಉಷ್ಣಾಂಶ 40 ಡಿಗ್ರಿ ಮೀರುವ ಏಪ್ರಿಲ್-ಮೇ ತಿಂಗಳುಗಳಲ್ಲಿ ಗಂಡು ಹೆಣ್ಣುಗಳನ್ನು ಬೇರ್ಪಡಿಸಿ ವಿಶ್ರಾಂತಿ ನೀಡುವುದು ಒಳಿತು. ಬಿಸಿಲು ಇಳಿದ ಮೇಲೆ ಆರಿಸಿದ ಜೋಡಿಯನ್ನು ನಡುವೆ ಜಾಲರಿಯಿರುವ ಪಂಜರದಲ್ಲಿ ಕೆಲವು ದಿನ ಎದುರುಬದುರಾಗಿಟ್ಟು, ನಂತರ ಕೂಡಿಸಬೇಕು. ಹಳೆಯ ಸಂಗಾತಿ ಕಣ್ಣಿಗೆ ಬೀಳದಿರಲಿ. ಮರಿ ಸಾಕುವಾಗ ಜೋಳ, ಸಜ್ಜೆಯ ಜೊತೆಗೆ ಕಡಲೆಯಂಥ ಬೇಳೆಕಾಳಿನ ಪಾಲು ಹೆಚ್ಚಿರಬೇಕು.

ಹತ್ತು ಜೋಡಿಗಳಿಗಿಂತ ಚೆನ್ನಾಗಿ ಅರಿತ ನಾಲ್ಕು ಜೋಡಿಗಳು ಮೇಲು. ಹಾರಿದ ಹಕ್ಕಿಗಳೆಲ್ಲ ಸಂಜೆ ಜೀವಂತವಾಗಿ ಗೂಡು ಸೇರಿದರೆ ಮಾತ್ರ ಆ ವಂಶ ಸುಧಾರಿಸುತ್ತಿದೆ ಎನ್ನಬಹುದು.