ಮರದ ಬೆಂಚು ಮತ್ತು ಮರದೊಳಗಿನ ನೀರು

ಎತ್ತಿನ ಗಾಡಿಗಳೇ ಸಾಗಾಣಿಕೆಗೆ ಮುಖ್ಯ ಸಾಧನವಾಗಿದ್ದ ಕಾಲದಲ್ಲಿ, ಬೇಸಗೆ ಬಂತೆಂದರೆ ನಮ್ಮ ಬಯಲುಸೀಮೆಯ ಕೆರೆಗಳ ಅಂಚಿನಲ್ಲಿ ಒಂದು ನೋಟ ಸಾಮಾನ್ಯವಾಗಿತ್ತು. ರೈತರು ಗಾಡಿಯನ್ನು ನೀರಿಗಿಳಿಸಿ, ಚಕ್ರಗಳು ನೆನೆಯುವಂತೆ ನಿಲ್ಲಿಸಿ, ಎತ್ತುಗಳನ್ನು ಬಿಚ್ಚಿಕೊಂಡು ಹೋಗುತ್ತಿದ್ದರು. ಬಿಸಿಲಿಗೆ ಚಕ್ರದ ಮರ ಒಣಗಿ ಕುಗ್ಗಿದಾಗ, ಅದರ ಸುತ್ತಲಿನ ಕಬ್ಬಿಣದ ಪಟ್ಟಿ ಸಡಿಲವಾಗುತ್ತಿತ್ತು. ನೀರು ಕುಡಿದ ಮರ ಮತ್ತೆ ಉಬ್ಬಿ, ಪಟ್ಟಿಯು ಮೊದಲಿನಂತೆ ಬಿಗಿಯಾಗುತ್ತಿತ್ತು. ಮಳೆಗಾಲದಲ್ಲಿ ಹಳೆಯ ಮನೆಯ ಬಾಗಿಲು ಚೌಕಟ್ಟಿಗೆ ಹಿಡಿದುಕೊಂಡು ಮುಚ್ಚಲಾರದೆ ಹೋಗುವುದೂ, ಅದೇ ಬಾಗಿಲು ಯುಗಾದಿಯ ವೇಳೆಗೆ ಸಲೀಸಾಗಿ ಮುಚ್ಚುವುದೂ ಇದೇ ಕಾರಣದಿಂದ.

ಮರವು ಕಡಿದ ಮೇಲೆಯೂ, ಹಲಗೆಯಾಗಿ ಕೊಯ್ದ ಮೇಲೆಯೂ, ಮೇಜು ಬೆಂಚುಗಳಾಗಿ ಮನೆ ಸೇರಿದ ಮೇಲೆಯೂ ಸುತ್ತಲಿನ ಗಾಳಿಯೊಡನೆ ತೇವವನ್ನು ಕೊಟ್ಟು ತೆಗೆದುಕೊಳ್ಳುತ್ತಲೇ ಇರುತ್ತದೆ. ತನ್ನ ಮನೆಗೆ ಬೇಕಾದ ಪೀಠೋಪಕರಣವನ್ನು ತಾನೇ ಮಾಡಿಕೊಳ್ಳಬೇಕೆಂದು ಹೊರಡುವವನು ಮೊದಲು ತಿಳಿಯಬೇಕಾದ ಸಂಗತಿ ಇದೇ. ಗರಗಸವನ್ನು ನೇರವಾಗಿ ಎಳೆಯುವ ಕೈ ಅಭ್ಯಾಸದಿಂದ ಬರುತ್ತದೆ. ಆದರೆ ಈ ಸಂಗತಿಯನ್ನು ಅರಿಯದವನ ಕೆಲಸ, ಕೈ ಎಷ್ಟೇ ಪಳಗಿದ್ದರೂ ನಿಲ್ಲುವುದಿಲ್ಲ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಒಂದು ನಷ್ಟದಿಂದ.

ಗುಬ್ಬಿ ತಾಲ್ಲೂಕು ಹಲಸಿಗೆ ಹೆಸರಾದದ್ದು. ಚೇಳೂರಿನ ಕಡೆಯ ಕೆಂಪು ತೊಳೆಯ ‘ಸಿದ್ದು’ ಹಲಸನ್ನು ಇಂದು ನಾಡೆಲ್ಲ ಬಲ್ಲದು. ಅದೇ ತಾಲ್ಲೂಕಿನ ನಮ್ಮ ಹಿತ್ತಲಿನಲ್ಲಿ ತಾತನವರು ನೆಟ್ಟಿದ್ದ ಹಲಸಿನ ಮರವೊಂದು ಒಂದು ವರ್ಷ ಮುಂಗಾರಿನ ಗಾಳಿಗೆ ಬುಡಮೇಲಾಯಿತು. ದಿಮ್ಮಿಯನ್ನು ತುಮಕೂರಿಗೆ ಸಾಗಿಸಿ ಒಂದೂವರೆ ಅಂಗುಲ ದಪ್ಪದ ಹಲಗೆಗಳನ್ನಾಗಿ ಕೊಯ್ಯಿಸಿದೆವು. ಆ ಮರದಲ್ಲಿ ಹಜಾರಕ್ಕೊಂದು ಬೆಂಚಾಗಬೇಕೆಂಬುದು ತಂದೆಯವರ ಆಸೆ. ನಾನು ದೀಪಾವಳಿಯ ರಜೆಯಲ್ಲಿಯೇ ಕೆಲಸಕ್ಕೆ ಕುಳಿತೆ. ಹಲಗೆಗಳನ್ನು ಅಂಚಿಗೆ ಅಂಚು ಸೇರಿಸಿ ಅಂಟಿಸಿ, ಅಡಿಯಲ್ಲಿ ಅಡ್ಡಪಟ್ಟಿಗಳನ್ನು ಇಟ್ಟು, ಮೊಳೆಗಳಿಂದ ಭದ್ರಪಡಿಸಿದೆ. ಬೆಂಚು ಅಂದವಾಗಿಯೇ ಇತ್ತು. ಯುಗಾದಿಯ ಹೊತ್ತಿಗೆ ಅದರ ಮೇಲ್ಹಲಗೆ ಉದ್ದಕ್ಕೂ ಬಿರುಕು ಬಿಟ್ಟು, ಒಂದು ಮಗ್ಗುಲು ದೋಣಿಯಂತೆ ಡೊಂಕಾಯಿತು. ಊರಿನ ವೃದ್ಧ ಬಡಗಿಯೊಬ್ಬರು ಅದನ್ನು ನೋಡಿ, “ಮರ ಇನ್ನೂ ಹಸಿ ಐತೆ ಮೇಷ್ಟ್ರೇ. ಮೊಳೆ ಹೊಡೆದು ಕಟ್ಟಿ ಹಾಕಿದ್ರೆ ಅದೇನು ಮಾಡೀತು, ಸೀಳ್ಕೊಂತು” ಎಂದರು. ಅರವತ್ತು ವರ್ಷ ಬೆಳೆದ ಮರದ ಅರ್ಧ ಭಾಗವನ್ನು ನನ್ನ ಅವಸರ ಐದು ತಿಂಗಳಲ್ಲಿ ಹಾಳುಮಾಡಿತ್ತು. ಕಾಲೇಜಿನಲ್ಲಿ ಉಷ್ಣದಿಂದ ಲೋಹಗಳು ಹಿಗ್ಗುವುದನ್ನು ಪಾಠ ಹೇಳುವವನಿಗೆ ತೇವದಿಂದ ಮರ ಹಿಗ್ಗುವುದು ಹೊಳೆಯದೆ ಹೋಯಿತು!

ಮರದಲ್ಲಿ ನೀರು ಎಲ್ಲಿರುತ್ತದೆ?

ಮರವೆಂಬುದು ಸೂಕ್ಷ್ಮವಾದ ಕೊಳವೆಗಳ ಒಂದು ಕಂತೆ. ಈ ಕೊಳವೆಗಳು ಬಹುಪಾಲು ಕಾಂಡದ ಉದ್ದಕ್ಕೆ ಸಾಗುತ್ತವೆ. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಒಂದು, ಕೊಳವೆಗಳ ಟೊಳ್ಳಿನಲ್ಲಿ, ಇನ್ನೊಂದು, ಕೊಳವೆಗಳ ಗೋಡೆಗಳಲ್ಲಿಯೇ ಹೀರಿಕೊಂಡು. ಒಣಗುವಾಗ ಮೊದಲು ಹೋಗುವುದು ಟೊಳ್ಳಿನ ನೀರು. ಇದು ಹೋದಾಗ ಮರದ ಭಾರ ಇಳಿಯುತ್ತದೆಯೇ ಹೊರತು ಅಳತೆ ಬದಲಾಗುವುದಿಲ್ಲ. ಕೊಡದೊಳಗಿನ ನೀರನ್ನು ಚೆಲ್ಲಿದರೆ ಕೊಡ ಚಿಕ್ಕದಾಗುವುದಿಲ್ಲವಷ್ಟೆ. ತೇವವು ಮರದ ಒಣ ತೂಕದ ನೂರಕ್ಕೆ ಸುಮಾರು 30ರಷ್ಟಕ್ಕೆ ಇಳಿದಾಗ ಟೊಳ್ಳುಗಳು ಬರಿದಾಗಿರುತ್ತವೆ. ಅಲ್ಲಿಂದ ಮುಂದೆ ಗೋಡೆಗಳ ನೀರು ಹೊರಡಲು ತೊಡಗುತ್ತದೆ. ಕುಗ್ಗುವುದು ಆರಂಭವಾಗುವುದು ಆಗಲೇ.

ಈ ಕುಗ್ಗುವಿಕೆ ಎಲ್ಲ ದಿಕ್ಕಿನಲ್ಲಿ ಸಮನಾಗಿದ್ದರೆ ಯಾವ ತೊಂದರೆಯೂ ಇರುತ್ತಿರಲಿಲ್ಲ. ಆದರೆ ಹಾಗಿಲ್ಲ. ತೇಗದ ಮರವನ್ನೇ ತೆಗೆದುಕೊಳ್ಳೋಣ. ಹಸಿಯಿಂದ ಪೂರ್ಣ ಒಣಗುವವರೆಗೆ ಅದು ವಾರ್ಷಿಕ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ನೂರಕ್ಕೆ ಸುಮಾರು 5.8ರಷ್ಟು, ತಿರುಳಿನಿಂದ ತೊಗಟೆಯ ಕಡೆಗಿನ ದಿಕ್ಕಿನಲ್ಲಿ ಸುಮಾರು 2.5ರಷ್ಟು ಕುಗ್ಗುತ್ತದೆ. ಉದ್ದದ ದಿಕ್ಕಿನಲ್ಲಿ ಮಾತ್ರ ನೂರಕ್ಕೆ 0.1 ಅಥವಾ 0.2 ಅಷ್ಟೆ. ಕುಗ್ಗುವ ಮರಗಳಲ್ಲಿ ತೇಗವು ಬಹು ಸೌಮ್ಯವಾದದ್ದು. ಇದಕ್ಕಿಂತ ಹೆಚ್ಚು ಕುಗ್ಗುವ ಮರಗಳು ಅನೇಕವಿವೆ.

ತಿರುಳನ್ನು ಒಳಗೊಂಡ ಇಡೀ ದಿಮ್ಮಿ ಏಕೆ ಬಿರಿಯುತ್ತದೆಂಬುದು ಇದರಿಂದ ತಾನೇ ತಿಳಿಯುತ್ತದೆ. 30 ಸೆಂ.ಮೀ. ವ್ಯಾಸದ ದಿಮ್ಮಿಯ ಸುತ್ತಳತೆ ಸುಮಾರು 94 ಸೆಂ.ಮೀ. ತ್ರಿಜ್ಯವು ನೂರಕ್ಕೆ 2.5ರಷ್ಟು ಕುಗ್ಗಿದಾಗ, ರೇಖಾಗಣಿತದ ನಿಯಮದಂತೆ ಸುತ್ತಳತೆಯೂ ಅಷ್ಟೇ ಕುಗ್ಗಬೇಕು. ಆದರೆ ಅಲ್ಲಿನ ಮರವು 5.8ರಷ್ಟು ಕುಗ್ಗಲು ಎಳೆಯುತ್ತದೆ. ಉಳಿದ 3.3ರ ವ್ಯತ್ಯಾಸ, ಎಂದರೆ ಸುಮಾರು 3 ಸೆಂ.ಮೀ., ಬಿರುಕಾಗಿ ತೆರೆದುಕೊಳ್ಳದೆ ಬೇರೆ ದಾರಿಯಿಲ್ಲ. ಆದುದರಿಂದ ದಿಮ್ಮಿಯನ್ನು ಬೇಗನೆ ಕೊಯ್ಯಿಸಿ, ತಿರುಳಿರುವ ನಡುಭಾಗವನ್ನು ಬೇರ್ಪಡಿಸುವುದು ಒಳ್ಳೆಯದು. ಹಲಗೆ ಡೊಂಕಾಗುವುದಕ್ಕೂ ಇದೇ ಕಾರಣ. ಹಲಗೆಯ ತುದಿಯಲ್ಲಿ ಕಾಣುವ ಉಂಗುರಗಳ ಕಮಾನು ಒಣಗುವಾಗ ನೇರವಾಗಲು ಎಳಸುತ್ತದೆ. ಹಲಗೆಯು ತೊಗಟೆಯ ಕಡೆಗೆ ತಗ್ಗಾಗಿ ಬಾಗುತ್ತದೆ.

ತೆಂಗಿನ ಮರದ ವಿಚಾರವೇ ಬೇರೆ. ಗುಬ್ಬಿ ತಿಪಟೂರುಗಳಲ್ಲಿ ಅದು ಹೇರಳವಾಗಿದ್ದರೂ, ಅದಕ್ಕೆ ವಾರ್ಷಿಕ ಉಂಗುರಗಳಿಲ್ಲ. ಕಾಂಡದ ಹೊರಭಾಗ ಗಡುಸು, ಒಳಭಾಗ ಮೆದು. ಹೊರಭಾಗವು ತೊಲೆಗಳಿಗೆ ಒದಗುತ್ತದೆಯಾದರೂ, ಅದರ ಗಡುಸು ನಾರು ಉಳಿಯ ಬಾಯನ್ನು ಬೇಗ ಮೊಂಡಾಗಿಸುವುದರಿಂದ ಹೊಸಬನು ಅದರಿಂದ ಆರಂಭಿಸುವುದು ಬೇಡ.

ಗಾಳಿಯ ಲೆಕ್ಕ

ಮರವು ಎಲ್ಲಿಯವರೆಗೆ ಒಣಗುತ್ತದೆ? ಸುತ್ತಲಿನ ಗಾಳಿಯೊಡನೆ ಸಮತೋಲನ ಉಂಟಾಗುವವರೆಗೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 30 ಆಗಿದ್ದರೆ ಮರದ ತೇವ ಸುಮಾರು 6ಕ್ಕೆ ನಿಲ್ಲುತ್ತದೆ; ಆರ್ದ್ರತೆ 50 ಆದರೆ ತೇವ 9; ಆರ್ದ್ರತೆ 80 ಆದರೆ ತೇವ 15ರಿಂದ 16. ನಮ್ಮ ಬಯಲುಸೀಮೆಯ ಮಾರ್ಚ್ ತಿಂಗಳ ಒಣಗಾಳಿಗೂ ಆಗಸ್ಟ್ ತಿಂಗಳ ಜಡಿಮಳೆಯ ಗಾಳಿಗೂ ಇರುವ ಅಂತರವನ್ನು ಬಲ್ಲವರಿಗೆ, ಮನೆಯೊಳಗಿನ ಮರದ ತೇವವು 8ರಿಂದ 14ರವರೆಗೆ ಏರಿಳಿಯಬಹುದೆಂದು ಭಾವಿಸುವುದು ಅಸಹಜವೆನಿಸದು.

ಇದರ ಪರಿಣಾಮವನ್ನು ಲೆಕ್ಕಹಾಕೋಣ. ಸುತ್ತಿನ ದಿಕ್ಕಿನಲ್ಲಿ ತೇಗವು, ತೇವ ಒಂದಂಶ ಬದಲಾದಂತೆ, ನೂರಕ್ಕೆ 0.2ರಷ್ಟು ಬದಲಾಗುತ್ತದೆ. ಆರಂಶಕ್ಕೆ 1.2. ಆದಕಾರಣ 40 ಸೆಂ.ಮೀ. ಅಗಲದ ಹಲಗೆಯು ಮಳೆಗಾಲಕ್ಕೂ ಬೇಸಗೆಗೂ ನಡುವೆ ಸುಮಾರು 5 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಅದೇ ವೇಳೆಯಲ್ಲಿ 120 ಸೆಂ.ಮೀ. ಉದ್ದದಲ್ಲಿ ಆಗುವ ವ್ಯತ್ಯಾಸ ಅರ್ಧ ಮಿ.ಮೀ. ಮಾತ್ರ. ಈಗ, ಅಗಲವಾದ ಹಲಗೆಯ ಅಡಿಯಲ್ಲಿ ಅಡ್ಡಪಟ್ಟಿಯನ್ನಿಟ್ಟು ಮೊಳೆ ಹೊಡೆದರೆ ಏನಾಗುತ್ತದೆ? ಪಟ್ಟಿಯ ಉದ್ದ ಬದಲಾಗದು. ಹಲಗೆಯ ಅಗಲವು 5 ಮಿ.ಮೀ. ಬದಲಾಗಲೇಬೇಕು. ಇವೆರಡರ ಜಗ್ಗಾಟದಲ್ಲಿ ಹಲಗೆ ಸೀಳುತ್ತದೆ. ನನ್ನ ಬೆಂಚಿನ ಹಣೆಬರಹ ಇದೇ. ಅದರ ಹಲಗೆ ಹಸಿಯಾಗಿದ್ದುದರಿಂದ ಕುಗ್ಗುವಿಕೆ ಇನ್ನೂ ಹೆಚ್ಚಾಗಿತ್ತು.

ಒಣಗಿಸುವ ಕ್ರಮ

ನೆಲಕ್ಕೆ ತಾಗದಂತೆ ಕಲ್ಲುಗಳ ಮೇಲೆ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುನಡುವೆ ಸುಮಾರು ಒಂದು ಅಂಗುಲ ದಪ್ಪದ ಒಣ ಪಟ್ಟಿಗಳನ್ನು ಎರಡು ಅಡಿಗೊಂದರಂತೆ ಇಡಬೇಕು. ಈ ಪಟ್ಟಿಗಳು ಮೇಲಿನಿಂದ ಕೆಳಗಿನವರೆಗೆ ಒಂದೇ ಸಾಲಿನಲ್ಲಿರಬೇಕು; ಇಲ್ಲದಿದ್ದರೆ ಹಲಗೆಗಳು ಬಾಗುತ್ತವೆ. ಎಲ್ಲಕ್ಕಿಂತ ಮೇಲೆ ಭಾರವನ್ನು ಹೇರಬೇಕು. ಮೇಲೆ ನೆರಳು, ನಡುವೆ ಗಾಳಿ, ಇವೆರಡೂ ಅವಶ್ಯ, ಬಿಸಿಲು ಸಲ್ಲದು. ಕೊಳವೆಗಳ ಬಾಯಿ ತೆರೆದಿರುವುದು ಹಲಗೆಯ ತುದಿಗಳಲ್ಲಿಯಾದ್ದರಿಂದ ಅಲ್ಲಿ ನೀರು ಬೇಗ ಹೊರಟು ಬಿರುಕು ಮೂಡುತ್ತದೆ. ಇದನ್ನು ತಡೆಯಲು ತುದಿಗಳಿಗೆ ಕರಗಿಸಿದ ಮೇಣವನ್ನೋ ಬಣ್ಣವನ್ನೋ ದಪ್ಪವಾಗಿ ಬಳಿಯಬೇಕು. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬುದು ಸ್ಥೂಲವಾದ ಲೆಕ್ಕ.

ಒಣಗಿತೆಂದು ತಿಳಿಯುವುದು ಹೇಗೆ? ಪ್ರಯೋಗಶಾಲೆಯಲ್ಲಿ ಒಂದು ತುಂಡನ್ನು ತೂಗಿ, 103 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ, ಮತ್ತೆ ತೂಗುತ್ತಾರೆ. 116 ಗ್ರಾಂ ಇದ್ದದ್ದು 100 ಗ್ರಾಂಗೆ ಇಳಿದರೆ, ತೇವ ನೂರಕ್ಕೆ 16. ಮನೆಯಲ್ಲಿ ಇಷ್ಟೂ ಬೇಕಿಲ್ಲ. ರಾಶಿಯಿಂದ ಒಂದು ಹಲಗೆಯನ್ನು ಆರಿಸಿಕೊಂಡು ತಿಂಗಳಿಗೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುತ್ತಿರುವವರೆಗೆ ಮರ ಒಣಗುತ್ತಿದೆ. ಇಳಿಯುವುದು ನಿಂತು, ಮಳೆಗಾಲಕ್ಕೆ ತುಸು ಏರಿ ಬೇಸಗೆಗೆ ತುಸು ತಗ್ಗಲು ಆರಂಭವಾದರೆ, ಮರವು ಊರಿನ ಗಾಳಿಗೆ ಹೊಂದಿಕೊಂಡಿತೆಂದು ತಿಳಿಯಬೇಕು. ಒಬ್ಬ ಹೊಸಬನ ಬಳಿ ಇರಬೇಕಾದ ಮೊದಲ ಉಪಕರಣ ತಕ್ಕಡಿ ಎಂದರೆ ತಪ್ಪಾಗದು.

ಮರದ ಇಂತಹ ಗುಣಗಳ ಶಾಸ್ತ್ರೀಯ ಅಧ್ಯಯನ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಮೂಲ, ಮೈಸೂರು ಸಂಸ್ಥಾನದ ಕಾಲದಲ್ಲಿ, 1938ರಲ್ಲಿ ಸ್ಥಾಪಿತವಾದ ಅರಣ್ಯ ಸಂಶೋಧನಾ ಪ್ರಯೋಗಾಲಯ.

ಬೆಂಚಿನ ರಚನೆ

ಮೊದಲ ಕೆಲಸಕ್ಕೆ ಬೆಂಚೇ ತಕ್ಕದ್ದು. ಗರಗಸ, ಹತ್ತರಿ, ಅರ್ಧ ಅಂಗುಲದ ಒಂದು ಉಳಿ, ಕೊಡತಿ, ಬೈರಿಗೆ, ಮೂಲೆಮಟ್ಟ, ಇಷ್ಟು ಸಾಮಾನು ಸಾಕು. ಉದ್ದ 120 ಸೆಂ.ಮೀ., ಅಗಲ 30, ಎತ್ತರ 45 ಸೆಂ.ಮೀ. ಇರಲಿ.

ಮೇಲ್ಹಲಗೆಯ ದಪ್ಪ ಎಷ್ಟಿರಬೇಕು? ಹಲಗೆಯ ಬಾಗುವಿಕೆಯು ದಪ್ಪದ ಘನಕ್ಕೆ ವಿಲೋಮವಾಗಿಯೂ, ಆಧಾರಗಳ ನಡುವಿನ ಅಂತರದ ಘನಕ್ಕೆ ಅನುಲೋಮವಾಗಿಯೂ ಇರುತ್ತದೆ. ಕಾಲುಗಳ ನಡುವೆ ಒಂದು ಮೀಟರ್ ಅಂತರವಿರುವ, ಒಂದೂವರೆ ಅಂಗುಲ ದಪ್ಪದ ತೇಗದ ಹಲಗೆಯ ನಡುವೆ 60 ಕಿಲೋಗ್ರಾಂ ತೂಕದವರು ಕುಳಿತರೆ, ಅದು ಸುಮಾರು 1 ಮಿ.ಮೀ. ಬಾಗುತ್ತದೆ. ದಪ್ಪವನ್ನು ಅರ್ಧಕ್ಕೆ ಇಳಿಸಿದರೆ ಬಾಗುವಿಕೆ ಎರಡು ಪಟ್ಟಲ್ಲ, ಎಂಟು ಪಟ್ಟು! ಮರದಲ್ಲಿ ಜಿಪುಣತನ ಮಾಡುವುದಾದರೆ ಅಗಲದಲ್ಲಿ ಮಾಡಬಹುದು, ದಪ್ಪದಲ್ಲಿ ಮಾಡಬಾರದು.

ಕಾಲುಗಳ ಸಂಧಿಯ ವಿಚಾರವಾಗಿ ಸನ್ನೆಯ ತತ್ತ್ವವನ್ನು ನೆನೆಯಬೇಕು. ಬೆಂಚನ್ನು ಎಳೆದಾಡುವಾಗ ಕಾಲಿನ ತುದಿಯಲ್ಲಿ 5 ಕಿಲೋಗ್ರಾಂ ಭಾರದಷ್ಟು ಅಡ್ಡಬಲ ಬೀಳುತ್ತದೆನ್ನೋಣ. ಕಾಲಿನ ಉದ್ದ 45 ಸೆಂ.ಮೀ. ಕಾಲನ್ನು ಹಿಡಿದಿರುವ ಮೊಳೆಗಳ ನಡುವಿನ ಅಂತರ 3 ಸೆಂ.ಮೀ. ಆದರೆ, ಅವುಗಳ ಮೇಲೆ ಬೀಳುವ ಬಲ 15 ಪಟ್ಟು, ಎಂದರೆ 75 ಕಿಲೋಗ್ರಾಂ. ಬರಿಯ ಮೊಳೆಯ ಬೆಂಚು ಕೆಲವೇ ತಿಂಗಳಲ್ಲಿ ಓಲಾಡುವುದಕ್ಕೆ ಇದೇ ಕಾರಣ. ಅದರ ಬದಲು, ಕಾಲುಗಳನ್ನು 10 ಸೆಂ.ಮೀ. ಅಗಲದ ಪಟ್ಟಿಗಳಿಂದ ಜೋಡಿಸಿ, ಪಟ್ಟಿಯ ತುದಿಯನ್ನು ನಾಲಗೆಯಂತೆ ಕೆತ್ತಿ, ಕಾಲಿನಲ್ಲಿ ಕೊರೆದ ಚೌಕನೆಯ ಕುಳಿಯಲ್ಲಿ ಕೂರಿಸಿದರೆ, ಬಲವು ನಾಲ್ಕೂವರೆ ಪಟ್ಟಿಗೆ ಇಳಿಯುತ್ತದೆ. ಅಂಟು ಹಚ್ಚಿ, ಅಡ್ಡಲಾಗಿ ಒಂದು ಮರದ ಗೂಟವನ್ನು ಹೊಡೆದರೆ ಸಂಧಿ ಒಂದು ತಲೆಮಾರಿಗೆ ಸಾಕು. ನಾಲಗೆಯನ್ನು ಮೊದಲು ತುಸು ದಪ್ಪವಾಗಿಯೇ ಕೆತ್ತಿ, ಹತ್ತರಿಯಿಂದಲೋ ಉಳಿಯಿಂದಲೋ ಸ್ವಲ್ಪಸ್ವಲ್ಪವಾಗಿ ಸವರಿ, ಕೈಯಿಂದ ಒತ್ತಿದಾಗ ಬಿಗಿಯಾಗಿ ಇಳಿಯುವಂತೆ ಮಾಡಬೇಕು. ಉಳಿಯನ್ನು ಬಳಸುವಾಗ ಎರಡು ಕೈಗಳೂ ಅದರ ಬಾಯಿಯ ಹಿಂದೆಯೇ ಇರಲಿ. ಈ ಒಂದು ನಿಯಮವನ್ನು ಪಾಲಿಸಿದರೆ ಬಹುಪಾಲು ಗಾಯಗಳು ತಪ್ಪುತ್ತವೆ.

ಕೊನೆಯದಾಗಿ ಮೇಲ್ಹಲಗೆ. 30 ಸೆಂ.ಮೀ. ಅಗಲದ ಒಂದೇ ಹಲಗೆಯ ಬದಲು 15 ಸೆಂ.ಮೀ. ಅಗಲದ ಎರಡನ್ನು ಬಳಸಿ, ನಡುವೆ ಸಣ್ಣ ಸಂದನ್ನು ಬಿಡಿ. ಪ್ರತಿ ಹಲಗೆಯ ನಡುಗೆರೆಯಲ್ಲಿ ಮಾತ್ರ ತಿರುಪುಮೊಳೆಯನ್ನು ಬಿಗಿಯಾಗಿ ಕೂರಿಸಿ. ಅಂಚಿನ ಕಡೆ ಹಾಕಲೇಬೇಕಾದರೆ, ಅಡ್ಡಪಟ್ಟಿಯಲ್ಲಿ ದುಂಡನೆಯ ರಂಧ್ರದ ಬದಲು ಹಲಗೆಯ ಅಗಲದ ದಿಕ್ಕಿಗೆ ಉದ್ದವಾದ ರಂಧ್ರವನ್ನು ಕೊರೆದು ಹಾಕಿ. ಹಲಗೆ ಸರಿದಾಗ ತಿರುಪುಮೊಳೆಯೂ ಅದರೊಡನೆ ಸರಿಯುತ್ತದೆ. ಎಣ್ಣೆ, ಮೆರುಗುಗಳು ತೇವದ ಸಂಚಾರವನ್ನು ನಿಧಾನಗೊಳಿಸುತ್ತವೆಯೇ ಹೊರತು ನಿಲ್ಲಿಸುವುದಿಲ್ಲ. ಬಳಿಯುವಾಗ ಹಲಗೆಯ ಮೇಲ್ಮೈಗೆ ಬಳಿದಷ್ಟೇ ಅಡಿಗೂ ಬಳಿಯಬೇಕು. ಒಂದೇ ಕಡೆ ಬಳಿದ ಹಲಗೆ ಡೊಂಕಾಗುತ್ತದೆ.

ಉಳಿದಿದ್ದ ಹಲಸಿನ ಹಲಗೆಗಳನ್ನು ನಾನು ಮೇಲೆ ಹೇಳಿದಂತೆ ಪೇರಿಸಿಟ್ಟು, ಕೊಯ್ಯಿಸಿದ ಇಪ್ಪತ್ತು ತಿಂಗಳ ತರುವಾಯ, ಒಂದು ಬೇಸಗೆಯಲ್ಲಿ, ಎರಡನೆಯ ಬೆಂಚನ್ನು ಮಾಡಿದೆ. ಹಳದಿಯಾಗಿದ್ದ ಮರ ಬೆಳಕಿಗೆ ಕ್ರಮೇಣ ಕಂದು ಬಣ್ಣಕ್ಕೆ ತಿರುಗಿದೆ. ಹಲಗೆಗಳ ನಡುವೆ ಆಗ ಬಿಟ್ಟಿದ್ದ ಸಂದು 5 ಮಿ.ಮೀ. ಪ್ರತಿ ವರ್ಷವೂ ಮಳೆಗಾಲದಲ್ಲಿ ಅದು ಸುಮಾರು 3ಕ್ಕೆ ಇಳಿದು, ಯುಗಾದಿಯ ವೇಳೆಗೆ ಮತ್ತೆ 5ಕ್ಕೆ ಬರುತ್ತದೆ. ತಂದೆಯವರು ಸಂಜೆ ಅದರ ಮೇಲೆಯೇ ಕುಳಿತು ಪತ್ರಿಕೆ ಓದುತ್ತಾರೆ. ಬಿರುಕು ಬಿಟ್ಟ ಮೊದಲ ಬೆಂಚನ್ನು ಎಸೆಯಲಿಲ್ಲ. ಅದು ಹಿತ್ತಲಿನಲ್ಲಿ, ಮರವಿದ್ದ ಜಾಗದ ಬಳಿಯಲ್ಲಿ, ಗಿಡಗಳ ಕುಂಡಗಳನ್ನು ಹೊತ್ತು ನಿಂತಿದೆ.