ಸೈಡ್ ಸ್ಟ್ಯಾಂಡಿನ ಮುರಿದ ಬೋಲ್ಟು

ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಮೋಟಾರ್ ಸೈಕಲು ಈಗ ಮನೆಮಂದಿಯಲ್ಲೊಂದಾಗಿದೆ. ಹಾಲಿನ ಕ್ಯಾನು, ಅಡಿಕೆಯ ಗೋಣಿ, ಶಾಲೆಗೆ ಹೋಗುವ ಮಕ್ಕಳು, ಎಲ್ಲವನ್ನೂ ಅದು ಹೊರುತ್ತದೆ. ನಿಂತಾಗ ಅದನ್ನು ತಾಳುವುದು ಎಡಬದಿಯ ಸೈಡ್ ಸ್ಟ್ಯಾಂಡು. ಆ ಸ್ಟ್ಯಾಂಡನ್ನು ಹಿಡಿದಿರುವುದು ಕಿರುಬೆರಳಿನಷ್ಟು ದಪ್ಪದ ಒಂದೇ ಒಂದು ಬೋಲ್ಟು. ಅದು ಮುರಿದರೆ ಸ್ಟ್ಯಾಂಡನ್ನು ಹಗ್ಗದಿಂದ ಬಿಗಿದು ತಿಂಗಳುಗಟ್ಟಲೆ ತಿರುಗಾಡುವವರನ್ನು ನಾವು ಕಂಡಿದ್ದೇವೆ. ಹಗ್ಗ ಸಡಿಲಿ ಸ್ಟ್ಯಾಂಡು ಕೆಳಕ್ಕೆ ಜೋತರೆ, ಎಡಕ್ಕೆ ವಾಲುವ ತಿರುವಿನಲ್ಲಿ ಅದು ನೆಲಕ್ಕೆ ತಗಲಿ ಸವಾರನನ್ನು ಕೆಡವಬಲ್ಲುದು. ಹಿಂದೆ ಕುಳಿತ ಮಗುವಿನ ಗತಿಯೇನು? ನಮ್ಮ ರಸ್ತೆಗಳಲ್ಲಿ ತಿರುವುಗಳಿಗಂತೂ ಬರವಿಲ್ಲ.

ಬೋಲ್ಟು ಒಂದೇ ದಿನದಲ್ಲಿ ಮುರಿಯುವುದಿಲ್ಲ. ಗ್ರೀಸು ಒಣಗಿದಂತೆ ರಂಧ್ರ ಸವೆದು ಅಗಲವಾಗುತ್ತದೆ, ಸ್ಟ್ಯಾಂಡು ಅಲುಗಾಡತೊಡಗುತ್ತದೆ. ಪ್ರತಿ ಅಲುಗಾಟಕ್ಕೂ ಬೋಲ್ಟು ತುಸು ಬಾಗಿ, ತಿರುಪಿನ ಸುತ್ತಿನ ಬುಡದಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿ ಬೆಳೆಯುತ್ತದೆ. ಸ್ಟ್ಯಾಂಡಿನ ಮೇಲೆ ನಿಂತ ಗಾಡಿಯನ್ನೇರಿ ಕುಳಿತು ಹರಟುವ, ಅಲ್ಲಿಂದಲೇ ಕಿಕ್ಕರನ್ನು ತುಳಿಯುವ ನಮ್ಮ ತರುಣರ ಅಭ್ಯಾಸವೂ ಇದಕ್ಕೆ ನೆರವಾಗುತ್ತದೆ. ಕುಂಬಳೆ, ಮಂಜೇಶ್ವರಗಳ ಕಡಲತಡಿಯ ಉಪ್ಪುಗಾಳಿಯೂ ನಾಲ್ಕು ತಿಂಗಳ ಮಳೆಯೂ ಸೇರಿ ಒಳಗುಳಿದ ತುಂಡಿಗೆ ತುಕ್ಕಿನ ಬೆಸುಗೆ ಹಾಕುತ್ತವೆ.

ಆದರೆ ಒಂದು ಸಮಾಧಾನವುಂಟು. ತಲೆ ಹಾರಿಹೋದ ಬೋಲ್ಟಿನಲ್ಲಿ ಬಿಗಿತವಿರುವುದಿಲ್ಲ. ಒಳಗಿನ ತುಂಡನ್ನು ಹಿಡಿದಿರುವುದು ಹೆಚ್ಚಾಗಿ ತುಕ್ಕು ಮಾತ್ರ. ಆದುದರಿಂದ ಇಲ್ಲಿ ಬಲಕ್ಕಿಂತ ತಾಳ್ಮೆಯೇ ಮೇಲು. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ಗಟ್ಟಿಯಾಗಿ ನಿಲ್ಲಿಸಿ, ಸೈಲೆನ್ಸರು ಆರಿದ ಬಳಿಕ ಕೆಲಸಕ್ಕೆ ತೊಡಗಬೇಕು. ಸ್ಪ್ರಿಂಗು ಇನ್ನೂ ಸಿಕ್ಕಿಕೊಂಡಿದ್ದರೆ ಮುಖವನ್ನು ಓರೆಮಾಡಿಕೊಂಡು ಅದನ್ನು ಮೊದಲು ಬಿಡಿಸಬೇಕು; ಅದು ಚಿಮ್ಮಿದರೆ ಕಣ್ಣಿಗೇ ಅಪಾಯ. ಹಿಂಬದಿಯಲ್ಲಿ ನಟ್ಟಿದ್ದರೆ ಅದನ್ನೂ ಕಳಚಬೇಕು. ಬಳಿಕ ತಂತಿಯ ಬ್ರಷ್ಷಿನಿಂದ ಉಜ್ಜಿ, ತುಕ್ಕು ಸಡಿಲಿಸುವ ಎಣ್ಣೆಯನ್ನು ಎರಡೂ ಕಡೆಯಿಂದ ಹನಿಸಿ, ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಒಂದು ರಾತ್ರಿ ಬಿಡಬೇಕು. ಈ ರಾತ್ರಿಯನ್ನು ಉಳಿಸಲು ಹೋಗುವವರೇ ಮರುದಿನ ಎರಡು ದಿನ ಕಳೆದುಕೊಳ್ಳುತ್ತಾರೆ.

ತುಂಡು ಹೊರಕ್ಕೆ ಚಾಚಿದ್ದರೆ ಕೆಲಸ ಸುಲಭ. ಅರದಿಂದ ಎರಡು ಬದಿಯನ್ನು ಚಪ್ಪಟೆ ಮಾಡಿ ಸ್ಪ್ಯಾನರಿನಿಂದ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತುಸುತುಸುವೇ ಅಲ್ಲಾಡಿಸುತ್ತ ತಿರುಗಿಸಬೇಕು. ಒಳಗೇ ಉಳಿದಿದ್ದರೆ ಸರಿಯಾಗಿ ನಡುಮಧ್ಯದಲ್ಲಿ ಪಂಚಿನಿಂದ ಗುರುತು ಮಾಡಿ, ಬೋಲ್ಟಿನ ಅರ್ಧದಷ್ಟು ದಪ್ಪದ ಬಿಟ್ಟಿನಿಂದ ರಂಧ್ರ ಕೊರೆಯಬೇಕು. ಎಡಕ್ಕೆ ತಿರುಗಿ ಕೊರೆಯುವ ಬಿಟ್ಟು ದೊರೆತರೆ ಒಳ್ಳೆಯದು. ಎಷ್ಟೋ ಸಲ ಕೊರೆಯುತ್ತಿರುವಾಗಲೇ ತುಂಡು ತಾನಾಗಿ ತಿರುಗಿ ಹೊರಬರುತ್ತದೆ. ಇಲ್ಲವಾದರೆ ಎಡಸುತ್ತಿನ ಎಕ್ಸ್‌ಟ್ರಾಕ್ಟರನ್ನು ರಂಧ್ರಕ್ಕೆ ತಟ್ಟಿ ತಿರುಗಿಸಬಹುದು. ಆದರೆ ಅದನ್ನು ಹಿಂಸಿಸಬಾರದು. ಗಡಸು ಉಕ್ಕಿನ ಆ ಸಲಕರಣೆ ಒಳಗೇ ಮುರಿದರೆ ಸಾಧಾರಣ ಬಿಟ್ಟು ಅದನ್ನು ಕೊರೆಯಲಾರದು.

ಇಷ್ಟಕ್ಕೂ ಬಗ್ಗದಿದ್ದರೆ ವೆಲ್ಡಿಂಗಿನವರ ಬಳಿಗೆ ಹೋಗುವುದೇ ಲೇಸು. ಅವರು ತುಂಡಿನ ಮೇಲೊಂದು ನಟ್ಟನ್ನಿಟ್ಟು ಬೆಸೆಯುತ್ತಾರೆ. ಆ ಕಾವಿಗೇ ತುಕ್ಕು ಬಿರಿದು, ನಟ್ಟಿನೊಡನೆ ತುಂಡೂ ತಿರುಗುತ್ತದೆ. ಅದಕ್ಕೂ ಮೊದಲು ಬ್ಯಾಟರಿಯ ತಂತಿಯನ್ನು ಕಳಚಿಸಿ, ಪೆಟ್ರೋಲ್ ಟ್ಯಾಂಕನ್ನು ಇಳಿಸಿ ದೂರವಿಡಿಸಬೇಕು. ಮನೆಯಂಗಳದಲ್ಲಿ ಸೀಮೆಎಣ್ಣೆಯ ಪಂಜು ಹಿಡಿದು ಬಿಸಿಮಾಡುವ ಸಾಹಸ ಸರ್ವಥಾ ಕೂಡದು.

ಹೊರಬಂದ ತುಂಡನ್ನು ಎಸೆಯದೆ ಅಂಗಡಿಗೆ ಒಯ್ಯಬೇಕು. ಅಂಗಡಿಯಲ್ಲಿ ಮಲಯಾಳ ಆಡಲಿ, ತುಳು ಆಡಲಿ, ಕನ್ನಡ ಆಡಲಿ, ಕೈಯಲ್ಲಿರುವ ತುಂಡೇ ಅಲ್ಲಿ ನಂಬಿಕೆಯ ದುಭಾಷಿ. 10 ಮಿ.ಮೀ. ಬೋಲ್ಟಿನಲ್ಲೇ 1.25 ಮತ್ತು 1.5 ಮಿ.ಮೀ. ಅಂತರದ ಸುತ್ತುಗಳಿವೆ, ಕಣ್ಣಿಗೆ ಒಂದೇ ತೆರನಾಗಿ ಕಂಡರೂ ಒಂದರ ಜಾಗಕ್ಕೆ ಇನ್ನೊಂದನ್ನು ಬಿಗಿದರೆ ರಂಧ್ರವೇ ಕೆಡುತ್ತದೆ. ಸ್ಟ್ಯಾಂಡಿಗೆಂದೇ ಮಾಡಿದ ಬೋಲ್ಟಿನಲ್ಲಿ ತಲೆಯ ಕೆಳಗೆ ಸುತ್ತಿಲ್ಲದ ನಯವಾದ ಭಾಗವಿರುತ್ತದೆ. ಸ್ಟ್ಯಾಂಡು ತಿರುಗುವುದು ಅದರ ಮೇಲೆ. ಉದ್ದಕ್ಕೂ ಸುತ್ತಿರುವ ಅಗ್ಗದ ಬೋಲ್ಟು ಅಲ್ಲಿ ಅರದಂತೆ ಉಜ್ಜಿ ರಂಧ್ರವನ್ನು ತಿನ್ನುತ್ತದೆ.

ಹೊಸದನ್ನು ಗ್ರೀಸು ಹಚ್ಚಿ ಮೊದಲು ಬೆರಳಿನಿಂದಲೇ ತಿರುಗಿಸಿ ಕೂಡಿಸಬೇಕು, ಬಳಿಕ ಸ್ಪ್ಯಾನರು. ಸ್ಪ್ರಿಂಗು ಸಿಕ್ಕಿಸಿ ಸ್ಟ್ಯಾಂಡನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದರೆ ಅದು ಅರ್ಧದಲ್ಲಿ ನಿಲ್ಲದೆ ಚಟ್ಟನೆ ಮೇಲಕ್ಕೆ ಸೇರಬೇಕು. ಮಳೆಗಾಲ ಕಳೆದೊಡನೆ ಇನ್ನೊಮ್ಮೆ ಗ್ರೀಸು ಹಚ್ಚಿದರೆ ಸಾಕು.